ಕುನೇನೆ ನದಿಗೆ ಹೊತ್ತ ಬಾಗಿನ

ಲೆಮಿಂಗ್ಟನ್ ಸ್ಪಾ

ನನ್ನ ಕೆಲಸ ಕಂಪ್ಯೂಟರಿನಲ್ಲಿ ನೀರು ಹರಿಸುವುದು. ಹೀಗೆಂದರೆ ಕೋಲಾರದ ನೆಂಟರು, ಪಾಪ, ನೀರಾವರಿ ಇಲಾಖೆ ಎಂದುಕೊಂಡು ಖುಷಿಪಡುತ್ತಾರೆ. ಅಷ್ಟು ಪುಣ್ಯದ ಕೆಲಸವಲ್ಲ, ವಿಡಿಯೊ ಗೇಮ್. ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾ ಎಂಬ ಊರಿನ ಒಂದು ಸ್ಟುಡಿಯೊದಲ್ಲಿ ಕೂತು ಗೇಮಿನೊಳಗಿನ ಹೊಳೆ, ಮಳೆ, ಜಲಪಾತಗಳನ್ನು ಮಾಡುತ್ತೇನೆ. ಆ ವರ್ಷ ನಾನು ಮಾಡಿದ ಜಲಪಾತವನ್ನು ನೋಡಿ ನಮ್ಮ ಬಾಸ್, "ನಿನ್ನ ನೀರು ಹೇಳಿದ ಮಾತು ತುಂಬಾ ಕೇಳುತ್ತೆ," ಎಂದುಬಿಟ್ಟ. ಬೈದನೋ ಹೊಗಳಿದನೋ ತಿಳಿಯದೆ ತಲೆ ಕೆಡಿಸಿಕೊಂಡೆ. ಕೊನೆಗೆ ನಿಜವಾದ ದೊಡ್ಡ ಜಲಪಾತವೊಂದರ ಮುಂದೆ ಸುಮ್ಮನೆ ಕೂತು ಬರಬೇಕು ಎಂದು ತೀರ್ಮಾನಿಸಿದೆ.

ಆಫೀಸಿನ ಗೆಳೆಯನೊಬ್ಬ ರುವಕಾನಾ ಜಲಪಾತದ ಫೋಟೊ ತೋರಿಸಿದ. ಆಫ್ರಿಕದ ನೈರುತ್ಯ ಮೂಲೆಯಲ್ಲಿ, ನಮೀಬಿಯ ಮತ್ತು ಅಂಗೋಲದ ಗಡಿಗುಂಟ ಹರಿಯುವ ಕುನೇನೆ ನದಿ ಬಂಡೆಯ ಅಂಚಿನಿಂದ ಉದ್ದಕ್ಕೂ ಮುರಿದು ಬೀಳುವ ಜಾಗ. ಫೋಟೊದಲ್ಲಿ ನೀರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಪ್ರವಾಸಿಗರು ಹೆಚ್ಚು ಹೋಗದ ಕಡೆ ಎಂದಮೇಲೆ ನನಗೆ ಇನ್ನೂ ಆಸೆಯಾಯಿತು. ಅಕ್ಟೋಬರಿಗೆ ರಜೆ ಹಾಕಿದೆ. ಮಳೆಗಾಲ ಮುಗಿದು ನದಿ ತುಂಬಿರುವ ಹೊತ್ತು ಎನ್ನುವುದು ನನ್ನ ಲೆಕ್ಕ. ಆ ಲೆಕ್ಕ ಯಾವ ದೇಶದ್ದು ಎಂದು ನಾನು ಕೇಳಿಕೊಳ್ಳಲೇ ಇಲ್ಲ.

ಗಂಡ ಸುಹಾಸ್ ಆಸ್ಪತ್ರೆಯ ಡ್ಯೂಟಿ ಪಾಳಿಯಲ್ಲಿ ಸಿಕ್ಕಿಬಿದ್ದಿದ್ದ. ಹಾಗಾಗಿ ಜೊತೆಗೆ ಹೊರಟಿದ್ದು ಅಮ್ಮ. ಅಪ್ಪ ತೀರಿಕೊಂಡ ಮರುವರ್ಷ ಅವಳು ನಮ್ಮ ಮನೆಗೆ ಬಂದು ಕೆಲವು ತಿಂಗಳು ಇದ್ದಳು. ಕೋಲಾರದ ಕರೆಂಟ್ ಆಫೀಸಿನ ಬಿಲ್ಲಿಂಗ್ ಸೆಕ್ಷನ್ನಿನಲ್ಲಿ ದುಡಿದು ರಿಟೈರ್ ಆದವಳು. ಯಾರು ಕೂಗಾಡಿದರೂ ದನಿ ಏರಿಸದೆ ಉತ್ತರ ಕೊಡುವ ಅಭ್ಯಾಸ ಅಲ್ಲಿಂದಲೇ ಬಂದದ್ದು.

ಅವಳು ಹೊರಟಿದ್ದಕ್ಕೆ ಜಲಪಾತ ಕಾರಣವಲ್ಲ, ಗೌರಿಹಬ್ಬ ಕಾರಣ. ನಮ್ಮ ಕಡೆಯ ಕನ್ನಡದವರು ಬರ್ಮಿಂಗ್‌ಹ್ಯಾಮ್ ನಗರದ ಎಜ್‌ಬಾಸ್ಟನ್‌ನ ಒಂದು ಹಾಲ್ ಬಾಡಿಗೆಗೆ ಹಿಡಿದು ಹಬ್ಬ ಮಾಡಿದ್ದರು. ಇಂಗ್ಲೆಂಡಿನಲ್ಲಿ ಬಿದಿರಿನ ಮೊರ ಎಲ್ಲಿ ಸಿಗಬೇಕು? ಒಬ್ಬರು ಫಾಯಿಲ್ ಟ್ರೇಯಲ್ಲಿ, ಇನ್ನೊಬ್ಬರು ಊಟದ ಪಾರ್ಸಲ್ ಬಂದ ಡಬ್ಬಿಯಲ್ಲಿ ಬಾಗಿನ ಜೋಡಿಸಿದ್ದರು. ಅಮ್ಮ ಮಾತ್ರ ಕೋಲಾರದಿಂದ ಸೀರೆಗಳ ನಡುವೆ ಇಟ್ಟು ತಂದಿದ್ದ, ಅರಿಸಿನ ಬಳಿದ ಜೋಡಿ ಮೊರ ಹಿಡಿದು ನಿಂತಿದ್ದಳು. ಎದುರಿಗಿದ್ದ ಶೈಲಾಗೆ ಕೊಡಲು ಕೈ ಚಾಚಿದಳು. ಶೈಲಾ ಒಳ್ಳೆಯ ಹೆಂಗಸು, ನಮಗೆಲ್ಲ ಬೇಕಾದವಳು. ಅವಳ ಕೈ ಅರ್ಧಕ್ಕೇ ನಿಂತಿತು.

"ಆಂಟಿ, ನೀವು ಯಾಕೆ ಸುಮ್ನೆ ನಿಂತು ಸುಸ್ತಾಗ್ತೀರ, ಆರಾಮಾಗಿ ಕೂತ್ಕೊಳ್ಳಿ. ನಿಮ್ಮ ಮಗಳು ಸುಮಾ ಕೈಲಿ ಕೊಡಿಸಿದ್ರಾಯ್ತು."

ಗಂಡ ಇಲ್ಲದವಳ ಕೈಯಿಂದ ಬಾಗಿನ ತಗೊಳ್ಳುವುದು ಹೇಗೆ ಎನ್ನುವುದನ್ನು ಇದಕ್ಕಿಂತ ಮೆತ್ತಗೆ ಹೇಳಲು ಆಗುತ್ತಿರಲಿಲ್ಲ. ಅಮ್ಮ ಮೊರವನ್ನು ಚೀಲಕ್ಕೆ ಹಾಕಿ ಕುರ್ಚಿಯಲ್ಲಿ ಕೂತಳು. ನನಗೆ ಮೈಯೆಲ್ಲ ಉರಿಯಿತು. ಅಪ್ಪ ಹೋದಾಗಿನಿಂದ ಅವಳು ಹಣೆಗೆ ಏನೂ ಇಡುತ್ತಿರಲಿಲ್ಲ. ಇಡಬೇಡ ಎಂದು ಯಾರೂ ಹೇಳಿರಲಿಲ್ಲ. ಇಡು ಎಂದೂ ಯಾರೂ ಹೇಳಿರಲಿಲ್ಲ.

ವಾರ ಕಳೆದ ಮೇಲೆ ಈರುಳ್ಳಿ ಹೆಚ್ಚುತ್ತಾ ಕೇಳಿದಳು. "ನೀನು ಹೋಗೋ ಕಡೆ ಇರೋದು ನದಿ ತಾನೆ?"

"ಹೂಂ. ದೊಡ್ಡ ನದಿ."

"ನಾನೂ ಬರ್ತೀನಿ. ನದಿ ಆದ್ರೆ ಯಾರ ಕೈ ಅಂತ ಕೇಳಲ್ಲ."

ವಿಂಡ್‌ಹುಕ್

ನಮೀಬಿಯದ ರಾಜಧಾನಿಯ ವಿಮಾನ ನಿಲ್ದಾಣದಲ್ಲಿ ಅಮ್ಮನ ಸೂಟ್‌ಕೇಸ್ ತೆರೆಸಿದರು. ಒಳಗೆ ಮೊರ, ಬಳೆ, ಬಾಚಣಿಗೆ, ಪುಟ್ಟ ಕನ್ನಡಿ, ರವಿಕೆ ಕಣ, ಅಂಗಡಿಯ ಪ್ಯಾಕೆಟ್ಟಿನಲ್ಲಿ ಅಕ್ಕಿ, ಬೇಳೆ, ಬೆಲ್ಲ. ಎಲ್ಲದರ ನಡುವೆ ತಲೆ ಎತ್ತಿಕೊಂಡು ಕೂತ ಒಂದು ತೆಂಗಿನಕಾಯಿ. ತೆಂಗಿನಕಾಯಿ ತರಬೇಡ ಎಂದು ನಾನು ಬಡಕೊಂಡಿದ್ದೆ.

"ಇದನ್ನು ಯಾರು ತಿನ್ನುತ್ತಾರೆ?" ಎಂದು ಅಧಿಕಾರಿಣಿ ಕೇಳಿದರು.

"ರಿವರ್," ಎಂದಳು ಅಮ್ಮ.

ಆಕೆ ನನ್ನ ಮುಖ ನೋಡಿದರು. ನಾನು ಪೂಜೆ, ಸಂಪ್ರದಾಯ, ಗೌರವ ಎಂದು ಏನೇನೋ ವಿವರಿಸಿದೆ. ಆಕೆ ತಾಳ್ಮೆಯಿಂದ ಕೇಳಿ, ಉಳಿದದ್ದನ್ನೆಲ್ಲ ಬಿಟ್ಟು, ತೆಂಗಿನಕಾಯಿಯನ್ನು ಮಾತ್ರ ಪಕ್ಕಕ್ಕೆ ಇಟ್ಟುಕೊಂಡರು. ಕಾಯಿಯಿಲ್ಲದ ಬಾಗಿನ ಎಂಥ ಬಾಗಿನ ಎಂದು ಅಮ್ಮ ಹೋಟೆಲಿನ ತನಕ ಮುಖ ಊದಿಸಿಕೊಂಡಿದ್ದಳು.

ಮರುದಿನ ನಮ್ಮ ಡ್ರೈವರ್ ಹಾಗೂ ಗೈಡ್ ಪೆಟ್ರುಸ್ ಜೀಪು ತಂದ. ಉತ್ತರದ ಒಪುವೊ ಪಟ್ಟಣದವನು. ಹೆರೆರೊ ಅವನ ಮನೆಮಾತು, ನದಿಯ ಕಡೆಯ ಹಿಂಬಾ ಜನ ಆಡುವುದೂ ಹೆಚ್ಚುಕಡಿಮೆ ಅದನ್ನೇ. ನಗುವುದಕ್ಕೆ ಮುಂಚೆ ಒಂದು ಸಲ ಕನ್ನಡಿಯಲ್ಲಿ ಹಿಂದಿನ ಸೀಟು ನೋಡುವುದು ಅವನ ಅಭ್ಯಾಸ. ಗಂಟೆಗಟ್ಟಲೆ ಓಡಿದರೂ ಒಂದು ಊರು ಸಿಗದ ರಸ್ತೆ. ಬರ್ಮಿಂಗ್‌ಹ್ಯಾಮ್ ಸುತ್ತ ಎರಡು ಮೈಲಿ ಹೋಗಲು ಒದ್ದಾಡುವ ನಮಗೆ ಇಷ್ಟೊಂದು ಖಾಲಿ ನೋಡಿ ಗಾಬರಿಯಾಯಿತು. ಎದುರಿಗೆ ವಾಹನ ಬಂದರೆ ಪೆಟ್ರುಸ್ ಕೈ ಎತ್ತುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅಮ್ಮನೂ ಕೈ ಎತ್ತತೊಡಗಿದಳು.

ರುವಕಾನಾ

ಜಲಪಾತ ಇರುವುದು ಎರಡು ದೇಶಗಳ ಚೌಕಿಗಳ ನಡುವಿನ ಜಾಗದಲ್ಲಿ. ನಮೀಬಿಯದ ಚೌಕಿಯಲ್ಲಿ ಹೆಸರು ಬರೆಸಿ, ನೋಡಿಕೊಂಡು ಬಂದುಬಿಡುತ್ತೇವೆ ಎಂದು ಹೇಳಿ ಮುಂದೆ ಹೋಗಬೇಕು. ಅಮ್ಮ ಜೀಪಿನಲ್ಲೇ ಕೂದಲು ಬಾಚಿಕೊಂಡು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಸಿದ್ಧಳಾಗಿದ್ದಳು. ನಾನು ಕ್ಯಾಮೆರಾ, ಮೈಕ್ ಹಿಡಿದಿದ್ದೆ. ನೀರಿನ ಸದ್ದು ಎಷ್ಟು ದೂರದಿಂದ ಕೇಳಲು ಶುರುವಾಗುತ್ತದೆ ಎಂದು ಗಮನಿಸಬೇಕಿತ್ತು.

ಸದ್ದು ಕೇಳಲಿಲ್ಲ. ಇಳಿದು ಅಂಚಿನ ತನಕ ನಡೆದರೂ ಕೇಳಲಿಲ್ಲ.

ಎದುರಿಗೆ ಬಹಳ ಉದ್ದದ, ಬಹಳ ಎತ್ತರದ ಬಂಡೆಯ ಗೋಡೆ. ಕಂದು, ಕಪ್ಪು, ಅಲ್ಲಲ್ಲಿ ಬಿಳಿ ಗೀರು. ಫೋಟೊದಲ್ಲಿ ನೀರಿನ ಹಿಂದೆ ಅಡಗಿದ್ದ ಬಂಡೆ ಈಗ ಇಷ್ಟೇ ನಾನು ಎಂದು ನಿಂತಿತ್ತು. ತಳದಲ್ಲೊಂದು ಹಸಿರು ಗುಂಡಿ. ಒಂದು ಹಕ್ಕಿ ಗೋಡೆಗುಂಟ ನಿಧಾನವಾಗಿ ಹಾರಿಹೋಯಿತು.

"ನೀರು?" ಎಂದೆ.

ಪೆಟ್ರುಸ್‌ಗೆ ನನ್ನ ಪ್ರಶ್ನೆಯೇ ಆಶ್ಚರ್ಯ. "ಈಗ ಎಲ್ಲಿಯ ನೀರು? ಇಲ್ಲಿ ಮಳೆ ಶುರುವಾಗುವುದೇ ಇನ್ನು ಮೇಲೆ. ಮಾರ್ಚ್, ಏಪ್ರಿಲ್‌ನಲ್ಲಿ ಬರಬೇಕಿತ್ತು. ಬೇರೆ ದಿನಗಳಲ್ಲಿ ಮೇಲುಗಡೆಯೇ ನದಿಯನ್ನು ತಿರುಗಿಸಿ ಪವರ್ ಹೌಸಿಗೆ ಬಿಡುತ್ತಾರೆ. ಬಂಡೆಯನ್ನು ನೋಡಲು ಬಂದಿದ್ದೀರಿ ಎಂದುಕೊಂಡೆ. ಕೆಲವರು ಬರುತ್ತಾರೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಜೋಗದಲ್ಲಿ ನೀರು ಇದೆಯೋ ಇಲ್ಲವೋ ಎಂದು ಹತ್ತು ಜನರನ್ನು ಕೇಳಿಕೊಂಡು ಹೊರಡುವವರು ನಾವು. ಲಿಂಗನಮಕ್ಕಿ ತುಂಬದಿದ್ದರೆ ರಾಜ, ರಾಣಿ ಎಲ್ಲ ಬರೀ ಬಂಡೆ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಅದೇ ಬುದ್ಧಿಯನ್ನು ಆಫ್ರಿಕಕ್ಕೆ ತರದೆ, ಆಷಾಢ ಶ್ರಾವಣದ ಲೆಕ್ಕವನ್ನು ಮಾತ್ರ ತಂದಿದ್ದೆ.

ಅಮ್ಮ ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಬೇಜಾರಿನ ಸುಳಿವೇ ಇಲ್ಲ. "ಕರೆಂಟ್ ಬೇಕು ಅಂದ್ರೆ ಫಾಲ್ಸ್ ಎಲ್ಲಿಂದ ಬರ್ಬೇಕು? ನಾನು ಅಷ್ಟು ವರ್ಷ ಬಿಲ್ ಮಾಡಿದ್ದು ಇದೇ ನೀರಿಗೆ ತಾನೆ."

"ಅಮ್ಮ, ಆ ಗುಂಡಿಯಲ್ಲಿ ಸ್ವಲ್ಪ ನೀರಿದೆ. ಇಲ್ಲೇ ಬಿಟ್ಟುಬಿಡೋಣ."

ಅವಳು ಮೊರವನ್ನು ಎದೆಗೆ ಒತ್ತಿಕೊಂಡಳು. "ಬೇಡ. ನಿಂತ ನೀರಿಗೆ ಕೊಡಲ್ಲ. ನಮ್ಮೂರ ಕೆರೆ ಕೋಡಿ ಬಿದ್ದಾಗ ಮಾತ್ರ ನಮ್ಮಜ್ಜಿ ಬಾಗಿನ ಕೊಡ್ತಿದ್ದಿದ್ದು. ನಾನು ಹೈಸ್ಕೂಲಲ್ಲಿದ್ದಾಗ ಒಂದು ಸಲ ಬಿತ್ತು. ಆಮೇಲೆ ಇಲ್ಲ. ಕಾಯೋದು ನಂಗೆ ಗೊತ್ತು ಬಿಡು."

ಹಾಗೆಂದಳು, ಆದರೆ ಜೀಪಿಗೆ ಹತ್ತಿದ ಮೇಲೂ ಮೊರವನ್ನು ಎದೆಯಿಂದ ಇಳಿಸಲಿಲ್ಲ. ಮುಂದಿನ ವರ್ಷ, ಅದರ ಮುಂದಿನ ವರ್ಷ ಎಂದು ಕಾಯಲು ಇದು ನಮ್ಮೂರ ಕೆರೆಯಲ್ಲ. ಇಲ್ಲಿಗೆ ನಾವು ಇನ್ನೊಮ್ಮೆ ಬರುವುದಿಲ್ಲ. ಮೊರ ಸೂಟ್‌ಕೇಸಿನೊಳಗೇ ವಾಪಸ್ ಹೋದರೆ ಅಮ್ಮ ಇನ್ನು ಯಾವತ್ತೂ ಯಾರ ಮುಂದೆಯೂ ಕೈ ಚಾಚುವುದಿಲ್ಲ ಎಂದು ನನಗೆ ಆಗ ಖಚಿತವಾಗಿ ಅನ್ನಿಸಿತು.

"ಪವರ್ ಹೌಸಿಗೆ ಹೋದ ನೀರು ಆಮೇಲೆ ಎಲ್ಲಿಗೆ ಹೋಗುತ್ತೆ?" ಎಂದು ಪೆಟ್ರುಸ್‌ನನ್ನು ಕೇಳಿದೆ.

"ವಾಪಸ್ ನದಿಗೆ. ಕೆಳಗೆ ಎಪುಪಾ ಎಂಬ ಇನ್ನೊಂದು ಜಲಪಾತವಿದೆ. ಅಲ್ಲಿ ವರ್ಷವಿಡೀ ಬೀಳುತ್ತೆ. ರಸ್ತೆ ಮಾತ್ರ..." ಎಂದು ಅವನು ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿ ನಕ್ಕ.

ನದಿಯ ಪಕ್ಕದ ದಾರಿ

ರಸ್ತೆ ಎಂದರೆ ಕಲ್ಲುಗಳು ಸ್ವಲ್ಪ ಕಡಿಮೆ ಇರುವ ಜಾಗ. ಒಂದು ಕಡೆ ನದಿ, ಅದರಾಚೆ ಅಂಗೋಲದ ಬೆಟ್ಟ, ಇತ್ತ ಕೆಂಪು ಧೂಳು. ಎಲೆ ಉದುರಿಸಿಕೊಂಡು ನಿಂತ ಬಾವೊಬಾಬ್ ಮರಗಳನ್ನು ಕಂಡು ನಾನು ಕೂಗಿಕೊಂಡೆ; ಸವಣೂರಿನ ದೊಡ್ಡಹುಣಸೆಯ ಸ್ವಂತ ನೆಂಟರು ಇವರೇ. ಸೆಖೆ ಹೇಗಿತ್ತೆಂದರೆ, ಬರ್ಮಿಂಗ್‌ಹ್ಯಾಮ್‌ನ ಆಕಾಶವನ್ನು ಇಷ್ಟು ವರ್ಷ ಬೈದಿದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ನಡುವೆ ಟೈರ್ ಪಂಕ್ಚರ್ ಆಯಿತು. ಪೆಟ್ರುಸ್ ಟೈರ್ ಬದಲಾಯಿಸುವಾಗ ಅಮ್ಮ ಮರದ ಕೆಳಗೆ ಕೂತು ಮೊರದಲ್ಲಿ ಎಲ್ಲ ಸರಿಯಾಗಿದೆಯೇ ಎಂದು ತೆಗೆದು ನೋಡುತ್ತಿದ್ದಳು. ಎಲ್ಲಿಂದಲೋ ಮೇಕೆ ಹಿಂಡು ಬಂತು. ನಾವು ಹಚಾ ಹಚಾ ಎನ್ನುವಷ್ಟರಲ್ಲಿ ಒಂದು ಮೇಕೆ ರವಿಕೆ ಕಣದ ತುದಿ ಹಿಡಿದು ಓಟ ಕಿತ್ತಿತು. ಅರವತ್ತು ದಾಟಿದ ನನ್ನಮ್ಮ ಸೀರೆ ಎತ್ತಿ ಕಟ್ಟಿ ಆಫ್ರಿಕದ ಮೇಕೆಯ ಹಿಂದೆ ಓಡಿದ್ದನ್ನು ನಾನು ಕಣ್ಣಾರೆ ನೋಡಿದೆ. ಕಣ ಸಿಕ್ಕಿತು, ಒಂದು ಮೂಲೆ ಸಿಗಲಿಲ್ಲ.

"ಹರಿದ ಕಣ ಬಾಗಿನಕ್ಕೆ ಇಡಬಾರ್ದು," ಎಂದು ಅಮ್ಮ ಪೇಚಾಡಿದಳು. ಕಾಯಿ ಇಲ್ಲ, ಕಣ ಹರಿದಿದೆ, ನೀರೂ ಸಿಕ್ಕಿಲ್ಲ. ಪೆಟ್ರುಸ್‌ಗೆ ಎಷ್ಟು ಅರ್ಥವಾಯಿತೋ, ಮುಂದೆ ತಾಳೆಯಂಥ ಮರಗಳ ತೋಪಿನಲ್ಲಿ ಜೀಪು ನಿಲ್ಲಿಸಿ, ಕೆಳಗೆ ಬಿದ್ದಿದ್ದ ಗಟ್ಟಿ ಕಾಯೊಂದನ್ನು ಆರಿಸಿ ತಂದ. ಮಕಲಾನಿ ಎನ್ನುತ್ತಾರಂತೆ. ಅಮ್ಮ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ತೆಂಗಿನ ಕಡೆಯೋರೇ ಇರ್ಬೇಕು. ನಡಿಯುತ್ತೆ," ಎಂದು ಮೊರದಲ್ಲಿ ಇಟ್ಟಳು.

ಎಪುಪಾ

ಇಲ್ಲಿ ಸದ್ದು ಮೊದಲು ಬಂತು. ಆಮೇಲೆ ಹಸಿರು, ಆಮೇಲೆ ನದಿ.

ಎಪುಪಾದಲ್ಲಿ ಕುನೇನೆ ಒಂದೇ ಕಡೆ ಬೀಳುವುದಿಲ್ಲ. ಅಗಲವಾಗಿ ಹರಡಿಕೊಂಡು, ಮರಗಳ ಸಂದಿಯಲ್ಲಿ, ಬಂಡೆಗಳ ಸಂದಿಯಲ್ಲಿ ಹತ್ತಾರು ಕವಲಾಗಿ ಹೋಗಿ, ತೋಚಿದ ಕಡೆ ಧುಮುಕುತ್ತದೆ. ಒಂದು ದೊಡ್ಡ ಧಾರೆ ಕಿರಿದಾದ ಕೊರಕಲಿಗೆ ಬೀಳುತ್ತದೆ. ಅದರ ತುದಿಯಲ್ಲೇ ಬಾವೊಬಾಬ್ ಮರಗಳು ಬಂಡೆಯನ್ನು ತಬ್ಬಿಕೊಂಡು ನಿಂತಿವೆ. ನಾನು ಸಂಜೆಯ ತನಕ ಕೂತು ನೋಡಿದೆ. ಪಕ್ಕಪಕ್ಕದ ಎರಡು ಧಾರೆಗಳಲ್ಲಿ ಒಂದು ಅವಸರದ್ದು, ಇನ್ನೊಂದು ಸೋಮಾರಿ. ಗಾಳಿ ಬಂದಾಗ ಸೋಮಾರಿ ಧಾರೆ ಪೂರ್ತಿ ಬೀಳದೆ ಅರ್ಧದಲ್ಲೇ ತುಂತುರಾಗಿ ಮಾಯವಾಗುತ್ತಿತ್ತು. ನನ್ನ ಗೇಮಿನ ನೀರು ಯಾವತ್ತೂ ದಾರಿ ತಪ್ಪಿದ್ದಿಲ್ಲ. ಬಾಸ್ ಬೈದದ್ದೇ ಎಂದು ಆಗ ಅರ್ಥವಾಯಿತು, ಸರಿಯಾಗಿಯೇ ಬೈದಿದ್ದ.

ಬೆಳಿಗ್ಗೆ ಅಮ್ಮ ಸ್ನಾನ ಮಾಡಿ ತಿಳಿಹಳದಿ ಸೀರೆ ಉಟ್ಟು, ಮೊರ ಹಿಡಿದು ನದಿಯ ಕಡೆ ಹೊರಟಳು. ಪೆಟ್ರುಸ್ ಅಡ್ಡ ನಿಂತ.

"ನೀರಿನ ಹತ್ತಿರ ಹೋಗುವ ಹಾಗಿಲ್ಲ. ಮೊಸಳೆ ಇದೆ."

"ಒಂದೇ ನಿಮಿಷ ಅಂತ ಹೇಳು," ಎಂದಳು ಅಮ್ಮ.

"ಮೊಸಳೆಗೆ ಅಷ್ಟೂ ಬೇಡ," ಎಂದ ಪೆಟ್ರುಸ್.

ದಡದಿಂದ ದೂರದಲ್ಲಿ, ಮರದ ಕೆಳಗೆ ಮೂವರೂ ನಿಂತೆವು. ಇಷ್ಟು ದೂರ ಬಂದು, ಹರಿಯುವ ನೀರು ಕಣ್ಣೆದುರೇ ಇದ್ದು, ಕೈಗೆ ಎಟುಕುತ್ತಿಲ್ಲ. ಅಮ್ಮ ನದಿಯನ್ನೇ ನೋಡುತ್ತಿದ್ದಳು. ಹಾಲ್‌ನ ಕುರ್ಚಿಯಲ್ಲಿ ಕೂತಾಗ ಇದ್ದ ಮುಖ ಮತ್ತೆ ಬಂದಿತ್ತು.

ಅಷ್ಟರಲ್ಲಿ ಹಿಂಬಾ ಹೆಂಗಸೊಬ್ಬಳು ಖಾಲಿ ಕ್ಯಾನ್ ಹಿಡಿದು ಬಂದಳು. ಅಮ್ಮನಿಗಿಂತ ಸ್ವಲ್ಪ ಚಿಕ್ಕವಳಿರಬೇಕು. ಕಾವಿಕಲ್ಲಿನ ಪುಡಿಯನ್ನು ಬೆಣ್ಣೆಯಲ್ಲಿ ಕಲಸಿ ಮೈಗೆಲ್ಲ, ಜಡೆಗಳಿಗೆಲ್ಲ ಬಳಿದುಕೊಳ್ಳುವುದು ಅವರ ಪದ್ಧತಿ. ಬಿಸಿಲಿನಲ್ಲಿ ಕೆಂಪಗೆ ಹೊಳೆಯುತ್ತಿದ್ದಳು. ಸೊಂಟಕ್ಕೆ ಚರ್ಮದ ಲಂಗ, ಎದೆಯ ಮೇಲೆ ಸರಗಳು, ಬೇರೆ ಬಟ್ಟೆಯಿಲ್ಲ. ನಾನು ಎಲ್ಲಿ ನೋಡುವುದು ಎಂದು ತಿಳಿಯದೆ ಮರ ನೋಡಿದೆ. ಅಮ್ಮ ಅವಳ ಕಾಲು ನೋಡಿದಳು. "ಎಷ್ಟು ಭಾರದ ಕಡಗ ಹಾಕ್ಕೊಂಡಿದಾಳೆ ನೋಡೆ. ನೋಯಲ್ವಾ?"

ಪೆಟ್ರುಸ್ ಮತ್ತು ಆಕೆ ಪರಸ್ಪರ ಕ್ಷೇಮ ವಿಚಾರಿಸಿದರು. ನಮ್ಮಲ್ಲಿ ಕೇಳುವ ಹಾಗೆಯೇ, ದನಕರುಗಳ ತನಕ. ಅಮ್ಮನಿಗೆ ಏನೋ ಹೊಳೆಯಿತು. "ಅವಳಿಗೆ ನೀರಿನ ಜಾಗ ಗೊತ್ತಿರುತ್ತೆ. ಇದನ್ನ ನದಿಗೆ ಬಿಡ್ತಾಳಾ ಕೇಳು."

ಪೆಟ್ರುಸ್ ಕೇಳಿದ. ಆಕೆ ಮೇಲಿನ ಮೊರ ಸರಿಸಿ ಒಳಗೆ ನೋಡಿದಳು. ಅಕ್ಕಿಯನ್ನು, ಬೇಳೆಯನ್ನು ಬೆರಳಿನಿಂದ ಸವರಿದಳು. ಖಡಕ್ಕಾಗಿ ಏನೋ ಹೇಳಿದಳು.

"ನದಿಗೆ ಹಸಿವಿಲ್ಲ, ಮೊಸಳೆ ಬೇಳೆ ತಿನ್ನುವುದಿಲ್ಲ," ಎಂದು ಪೆಟ್ರುಸ್ ಅನುವಾದಿಸಿದ. "ಇದು ಒಳ್ಳೆಯ ಮೊರ. ಕೊಡುವುದಾದರೆ ನನಗೆ ಕೊಡಿ ಎನ್ನುತ್ತಿದ್ದಾಳೆ."

ನನಗೆ ನಗು ಬಂತು. ಅಮ್ಮ ನಗಲಿಲ್ಲ. ಮೊರವನ್ನು ಮುಂದಕ್ಕೆ ಚಾಚಲು ಹೋಗಿ, ತಡೆದು, ಹಿಂದಕ್ಕೆ ತೆಗೆದುಕೊಂಡಳು.

"ಮೊದಲು ಅವಳಿಗೆ ಹೇಳೋಕೆ ಹೇಳು. ಕೊಡ್ತಾ ಇರೋಳು ಗಂಡ ಸತ್ತೋಳು ಅಂತ."

"ಅಮ್ಮ, ಅದೆಲ್ಲ ಇಲ್ಲಿ ಯಾರು ಕೇಳ್ತಾರೆ..."

"ಹೇಳಲಿ. ಆಮೇಲೆ ಬೇಕಾದ್ರೆ ತಗೊಳ್ಳಲಿ. ಗೊತ್ತಿಲ್ದೆ ತಗೊಂಡ್ರೆ ತಗೊಂಡ ಹಾಗಲ್ಲ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಪೆಟ್ರುಸ್ ಟೋಪಿ ತೆಗೆದು, ದನಿ ತಗ್ಗಿಸಿ, ತನ್ನ ಮಾತಿನಲ್ಲಿ ಹೇಳಿದ. ಆಕೆ ಅಮ್ಮನ ಮುಖವನ್ನು ನೆಟ್ಟ ಕಣ್ಣಿನಿಂದ ನೋಡಿದಳು. ಇವಳೂ ಬೇಡ ಎಂದುಬಿಟ್ಟರೆ ಅಮ್ಮನನ್ನು ಹೇಗೆ ವಾಪಸ್ ಕರೆದುಕೊಂಡು ಹೋಗಲಿ?

ಆಕೆ ಒಂದು ಪ್ರಶ್ನೆ ಕೇಳಿದಳು. ಪೆಟ್ರುಸ್ ಕೆಮ್ಮಿದ. "ಗಂಡ ಎಷ್ಟು ದನ ಬಿಟ್ಟು ಹೋದ, ಅಂತ."

ಅಮ್ಮ ಯೋಚಿಸಿದಳು. "ಒಂದು ಸ್ಕೂಟರ್ ಅಂತ ಹೇಳು."

ಅದು ಹೆರೆರೊ ಭಾಷೆಗೆ ಹೇಗೆ ಹೋಯಿತೋ, ಮತ್ತೊಂದು ಪ್ರಶ್ನೆ ಬಂತು. "ಅದು ಇನ್ನೂ ಓಡುತ್ತಾ?"

"ಓಡುತ್ತೆ. ಆದ್ರೆ ಕಿಕ್ ಹೊಡ್ದು ಹೊಡ್ದು ಸಾಕಾಗುತ್ತೆ."

ಪೆಟ್ರುಸ್ ಕಾಲು ಎತ್ತಿ ಕಿಕ್ ಹೊಡೆದು ತೋರಿಸಿದ. ಆಕೆ ಬಾಯಿ ತುಂಬ ನಕ್ಕಳು. ಅಮ್ಮನೂ ನಕ್ಕಳು. ಅಪ್ಪನ ಮಾತು ಬಂದಾಗ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಗುತ್ತಲೇ ಆಕೆ ಎರಡೂ ಕೈ ಚಾಚಿದಳು.

ಅಮ್ಮ ಮೊರದ ಮೇಲೆ ಸೆರಗು ಹೊದಿಸಿ, ಕ್ರಮ ಪ್ರಕಾರ ಕೊಟ್ಟಳು. ಆಕೆಯ ಹತ್ತಿರ ಸೆರಗಿಲ್ಲ. ಅಮ್ಮ ತನ್ನದರ ತುದಿಯನ್ನೇ ಅವಳ ಕೈಗೂ ಹೊದಿಸಿದಳು. ಆಮೇಲೆ ಕುಂಕುಮದ ಭರಣಿ ತೆಗೆದು, ಈಗಾಗಲೇ ಕೆಂಪಗಿದ್ದ ಆ ಹಣೆಗೆ ಬೆರಳಿನಿಂದ ಒತ್ತಿದಳು. ಆಕೆ ಇದು ಕೊಟ್ಟು ತಗೊಳ್ಳುವ ಪದ್ಧತಿ ಇರಬೇಕು ಎಂದುಕೊಂಡಳೋ ಏನೋ, ತನ್ನ ತೋಳಿನ ಮೇಲಿನ ಕಾವಿಯನ್ನು ಹೆಬ್ಬೆರಳಿನಿಂದ ಸವರಿ ತೆಗೆದು, ಅಮ್ಮನ ಬರಿ ಹಣೆಯ ನಡುವೆ ಇಟ್ಟಳು. ಬೆರಳಲ್ಲಿ ಉಳಿದದ್ದನ್ನು ಅಮ್ಮನ ಸೆರಗಿಗೇ ಒರೆಸಿದಳು.

ನನಗೆ ಅಳು ತಡೆಯಲು ಆಗಲಿಲ್ಲ. ಅಮ್ಮ ಅಳಲಿಲ್ಲ. "ಕನ್ನಡಿ ಎಲ್ಲಿ?" ಎಂದು ಹುಡುಕಿದಳು. ಕನ್ನಡಿ ಬಾಗಿನದಲ್ಲಿ ಹೋಗಿತ್ತು. ನನ್ನ ಫೋನ್ ಕಸಿದುಕೊಂಡು ಅದರಲ್ಲೇ ಮುಖ ನೋಡಿಕೊಂಡಳು, ಬಹಳ ಹೊತ್ತು. ಫೋಟೊ ತೆಗೆಯಲು ಬಿಡಲಿಲ್ಲ.

ಆಕೆ ಕ್ಯಾನ್ ತುಂಬಿಸಿಕೊಂಡು ಬಂದಳು. ಮೂಲೆ ಹರಿದ ರವಿಕೆ ಕಣವನ್ನು ಸುತ್ತಿ ಸಿಂಬೆ ಮಾಡಿ, ತಲೆಯ ಮೇಲಿಟ್ಟು, ಅದರ ಮೇಲೆ ಕ್ಯಾನ್ ಏರಿಸಿ, ಮೊರವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟಳು. ಅಮ್ಮ ಅವಳು ಮರೆಯಾಗುವ ತನಕ ನೋಡಿ, "ಸಿಂಬೆ ಥೇಟ್ ನಮ್ಮ ಹಾಗೇ ಸುತ್ತಿದ್ಲು," ಎಂದಳು.

ಎಜ್‌ಬಾಸ್ಟನ್

ಕಾವಿ ಕಲಸಿದ ಬೆಣ್ಣೆಯ ಕಲೆ ಯಾವ ಸೋಪಿಗೂ ಬಗ್ಗಲಿಲ್ಲ. ದೀಪಾವಳಿಗೆ ಅದೇ ಹಾಲ್, ಅದೇ ಜನ. ಅಮ್ಮ ಅದೇ ಸೀರೆ ಉಟ್ಟಳು, ಬೇರೆ ಸೀರೆ ಇಲ್ಲದೆ ಅಲ್ಲ. ಹಣೆಗೆ ಕುಂಕುಮವನ್ನು ತಾನೇ ಇಟ್ಟುಕೊಂಡಿದ್ದಳು.

ಬಾಗಿಲಲ್ಲಿ ಅರಿಸಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದವಳು ಶೈಲಾ. "ಅಯ್ಯೋ ಆಂಟಿ, ಸೆರಗಿಗೆ ಏನೋ ಕೆಂಪಗೆ ಆಗಿದೆ. ಡ್ರೈಕ್ಲೀನಿಂಗ್‌ಗೆ ಕೊಡಿ, ಹೋಗುತ್ತೆ."

"ಹೋಗೋದು ಬೇಡಮ್ಮ. ಬಾಗಿನ ತಗೊಂಡೋಳು ಒರೆಸಿದ್ದು ಅದು."

ಶೈಲಾಗೆ ಅರ್ಥವಾಗಲಿಲ್ಲ, ನನ್ನ ಕಡೆ ನೋಡಿದಳು. ಅವಳ ಕೈಯಲ್ಲಿದ್ದ ತಟ್ಟೆಯಿಂದ ಅಮ್ಮನೇ ಚಿಟಿಕೆ ಕುಂಕುಮ ತೆಗೆದು, "ಬಾರಮ್ಮ," ಎಂದು ಶೈಲಾಳ ಹಣೆಗೆ ಇಟ್ಟಳು. ಇಟ್ಟು, ಒಳಗೆ ಹೋಗದೆ ಅಲ್ಲೇ ನಿಂತಳು.

ಹಿಂದೆ ನಾಲ್ಕು ಜನ ಚಳಿಯಲ್ಲಿ ಕಾಯುತ್ತಿದ್ದರು. ಬಿಲ್ಲಿಂಗ್ ಸೆಕ್ಷನ್ನಿನ ಮುಖ ಮಾಡಿಕೊಂಡು ಅಮ್ಮ ಕಾದಳು. ಶೈಲಾ ಒಮ್ಮೆ ತಟ್ಟೆ ನೋಡಿದಳು, ಒಮ್ಮೆ ಅಮ್ಮನ ಹಣೆ ನೋಡಿದಳು. ಆಮೇಲೆ ಉಂಗುರದ ಬೆರಳನ್ನು ಕುಂಕುಮಕ್ಕೆ ಅದ್ದಿದಳು.